ಏಳನೇ ಫಲಕದ ಟೋಪಿಗಳು

ಐವತ್ತೇಳು ಚಿತ್ರಗಳಲ್ಲಿ ನಲವತ್ತೊಂಬತ್ತರಲ್ಲಿ ಟೋಪಿಗೆ ಬಕಲ್ ಇತ್ತು. ಆದ್ದರಿಂದ ನಾನೂ ಬಕಲ್ ಬರೆದೆ. ನನ್ನ ಮೂರು ತಿಂಗಳ ಸಿಟ್ಟು ಶುರುವಾದದ್ದು ಇಷ್ಟರಿಂದ.

ಫೆಬ್ರವರಿ 3, ಸೋಮವಾರ. ಆ ದಿನದ ಪುಟದಲ್ಲಿ ಕೆಲಸದ ವಿವರ ಹೀಗಿದೆ: ಫಲಕಗಳು ಹನ್ನೊಂದು, ಒಂದೊಂದರ ಅಗಲ ಸಾವಿರದ ಇನ್ನೂರು ಮಿಲಿಮೀಟರ್, ಎತ್ತರ ಎಂಟುನೂರು. ಮುದ್ರಣಕ್ಕೆ ಹೋಗಬೇಕಾದ ದಿನ ಮಾರ್ಚ್ 20. ನಾನಾಗ ಐರ್ಲೆಂಡಿನ ಕಾರ್ಕ್ ನಗರದ ಅಂಚಿನ ಡಗ್ಲಸ್‌ನಲ್ಲಿ ನಾಲ್ಕು ಜನರ ಒಂದು ಸ್ಟುಡಿಯೋದಲ್ಲಿ ಚಿತ್ರ ಬರೆಯುತ್ತಿದ್ದೆ. ಹಳೆಯ ಕೋಟೆ, ಸಣ್ಣ ಊರಿನ ಮ್ಯೂಸಿಯಂ, ಚರ್ಚಿನ ಅಂಗಳ, ಇಂಥ ಕಡೆ ಗೋಡೆಗೆ ಹಾಕುವ ವಿವರಣೆಯ ಫಲಕಗಳನ್ನು ಮಾಡಿಕೊಡುವುದು ಅಲ್ಲಿನ ಕಸುಬು. ಬರಹ ಯಾರೋ ಇತಿಹಾಸಕಾರರದು, ವಿನ್ಯಾಸ ಸ್ಟುಡಿಯೋದ ಮಾಲೀಕರದು, ಚಿತ್ರ ನನ್ನದು.

ಈ ಹನ್ನೊಂದನ್ನು ಕೇಳಿದ್ದು ವಾಟರ್‌ಫರ್ಡ್ ಕಡೆಯ ಒಂದು ಸಣ್ಣ ಊರಿನ ಇತಿಹಾಸ ಸಮಿತಿ. ಅವರು ಹಳೆಯ ಧಾನ್ಯದ ಉಗ್ರಾಣವೊಂದನ್ನು ಪ್ರದರ್ಶನಾಲಯ ಮಾಡುತ್ತಿದ್ದರು. ವಿಷಯ, ಪ್ಯೂರಿಟನ್ನರು. ಇಂಗ್ಲೆಂಡಿನ ಕಟ್ಟುನಿಟ್ಟಿನ ಪ್ರಾಟೆಸ್ಟಂಟರು ಇವರು. ಚರ್ಚಿನಲ್ಲಿ ವಿಗ್ರಹ, ಬಣ್ಣದ ಗಾಜು, ಮೇಣದ ಬತ್ತಿಯ ಆಡಂಬರ ಯಾವುದೂ ಬೇಡ ಎಂದವರು. ಹದಿನೇಳನೆಯ ಶತಮಾನದ ನಡುವಿನಲ್ಲಿ ಅವರ ಸೈನ್ಯ ಐರ್ಲೆಂಡಿಗೆ ಬಂತು. ಸೇನಾಪತಿಯ ಹೆಸರು ಹೇಳಿದರೆ ಇಲ್ಲಿನವರು ಈಗಲೂ ಮುಖ ಸಿಂಡರಿಸುತ್ತಾರೆ, ನಾನು ಬರೆಯುವುದಿಲ್ಲ. ಯುದ್ಧ ಮುಗಿದ ಮೇಲೆ ಇಲ್ಲಿನ ಕ್ಯಾಥೊಲಿಕರ ಹೊಲ, ಮನೆಗಳನ್ನು ಕಿತ್ತು ಸೈನಿಕರಿಗೂ ಇಂಗ್ಲೆಂಡಿನಿಂದ ಬಂದವರಿಗೂ ಹಂಚಿದರು. ಏಳನೇ ಫಲಕದಲ್ಲಿ ಬರಬೇಕಾದದ್ದು ಅಂಥದೊಂದು ಮನೆ. ಹೊಸದಾಗಿ ಬಂದ ಪ್ಯೂರಿಟನ್ ಕುಟುಂಬ ಊಟಕ್ಕೆ ಕೂತಿದೆ, ಗಂಡ, ಹೆಂಡತಿ, ಗಂಡನ ತಮ್ಮ, ಮುದುಕ ತಂದೆ. ಪ್ರದರ್ಶನದ ಬಾಗಿಲಿಗೆ ಎದುರಾಗಿ ನಿಲ್ಲುವುದು ಅದೇ ಫಲಕವಾದ್ದರಿಂದ ಮಾಲೀಕರು ಮೊದಲು ಅದನ್ನೇ ಕೈಗೆತ್ತಿಕೋ ಎಂದರು.

ನಾನು ಯಾವ ಕೆಲಸವನ್ನೂ ಪಟ್ಟಿಯಿಲ್ಲದೆ ಶುರುಮಾಡುವವಳಲ್ಲ. ಹತ್ತು ದಿನ ಕೂತು ಪ್ಯೂರಿಟನ್ನರ ಐವತ್ತೇಳು ಚಿತ್ರ ಕಲೆಹಾಕಿದೆ: ತೈಲವರ್ಣ, ಮರದಚ್ಚು, ಶಾಲೆಯ ಪುಸ್ತಕ, ಹಬ್ಬದ ಗ್ರೀಟಿಂಗ್ ಕಾರ್ಡ್, ಬಿಸ್ಕತ್ತಿನ ಡಬ್ಬ. ಪ್ರತಿ ಚಿತ್ರಕ್ಕೂ ಹದಿನಾಲ್ಕು ಕಾಲಂ ಇಟ್ಟೆ. ಟೋಪಿಯ ಎತ್ತರ, ಬಕಲ್, ಕಾಲರ್, ನಿಲುವಂಗಿಯ ಬಣ್ಣ, ಪಾದರಕ್ಷೆ, ಹೀಗೆ. ಬಕಲ್ ಇರುವವು ನಲವತ್ತೊಂಬತ್ತು, ಮೈತುಂಬ ಕಪ್ಪು ಬಟ್ಟೆ ಇರುವವು ನಲವತ್ತಾರು. ಫೆಬ್ರವರಿ 14ರಂದು ಮೊದಲ ಕರಡು ಮುಗಿಸಿದೆ. ನಾಲ್ವರಿಗೂ ಕಪ್ಪು ಬಟ್ಟೆ. ಗೋಡೆಯ ಗೂಟಕ್ಕೆ ತೂಗುಹಾಕಿದ ಮೂರು ಟೋಪಿ, ಮುದುಕನ ತಲೆಯ ಮೇಲೊಂದು, ನಾಲ್ಕಕ್ಕೂ ಬೆಳ್ಳಿಯ ಬಣ್ಣದ ಬಕಲ್. ಡೈರಿಯಲ್ಲಿ 'ಲೆಕ್ಕಕ್ಕೆ ಸರಿಯಾಗಿದೆ' ಎಂದು ಬರೆದುಕೊಂಡೆ. ಆ ಎರಡು ಪದಗಳನ್ನು ಈಗ ಓದಿದರೂ ಕಿವಿ ಬಿಸಿಯಾಗುತ್ತದೆ.

ಉಡುಪುಗಳನ್ನು ಪರಿಶೀಲಿಸಲು ಸಮಿತಿಯವರು ಒಬ್ಬರನ್ನು ಗೊತ್ತುಮಾಡಿದ್ದರು. ಕಾಲೇಜಿನಲ್ಲಿ ಬಟ್ಟೆಗಳ ಇತಿಹಾಸ ಹೇಳಿಕೊಟ್ಟು ನಿವೃತ್ತರಾದ ಅಧ್ಯಾಪಕಿ. ಎಪ್ಪತ್ತು ದಾಟಿದೆ, ಸೊಂಟ ನೋವು, ಕೈಯಲ್ಲಿ ಯಾವಾಗಲೂ ಕೆಂಪು ಪೆನ್ಸಿಲ್. ಫೆಬ್ರವರಿ 18ರಂದು ಸ್ಟುಡಿಯೋಗೆ ಬಂದು ನನ್ನ ಕರಡಿನ ಮೇಲೆ ಒಂಬತ್ತು ಗುರುತು ಹಾಕಿದರು. ನಾನು ತಡೆಯಲಾರದೆ ನನ್ನ ಪಟ್ಟಿಯನ್ನು ತೆರೆದು ತೋರಿಸಿದೆ. ಐವತ್ತೇಳರಲ್ಲಿ ನಲವತ್ತೊಂಬತ್ತು, ಎಂದೆ. ಅವರು ಕನ್ನಡಕ ಏರಿಸಿಕೊಂಡು ಕೊನೆಯ ಸಾಲಿನವರೆಗೂ ನೋಡಿದರು. ಇಲ್ಲಿನವರೆಲ್ಲ ಮಾತಾಡಿದ್ದು ಇಂಗ್ಲಿಷಿನಲ್ಲಿ; ನನ್ನ ಡೈರಿ ಕನ್ನಡದ್ದಾದ್ದರಿಂದ ನನ್ನಲ್ಲಿ ಅವರ ಮಾತು ಕನ್ನಡದಲ್ಲೇ ಉಳಿದಿದೆ.

"ನೀನು ನಲವತ್ತೊಂಬತ್ತು ಸಾಕ್ಷಿ ತಂದಿಲ್ಲ ಕಣಮ್ಮ. ಒಬ್ಬನ ಮಾತನ್ನೇ ನಲವತ್ತೊಂಬತ್ತು ಸಲ ಬರ್ಕೊಂಡಿದೀಯ. ಈ ಚಿತ್ರಗಳನ್ನ ಯಾವ ಕಾಲದಲ್ಲಿ ಬರೆದರು ಅನ್ನೋ ಕಾಲಂ ಎಲ್ಲಿ?"

ಇರಲಿಲ್ಲ. ಹದಿನಾಲ್ಕು ಕಾಲಂ ಇಟ್ಟವಳು ಅದೊಂದನ್ನು ಇಟ್ಟಿರಲಿಲ್ಲ.

ಅವರು ಹೋದ ಮೇಲೆ ಹದಿನೈದನೆಯ ಕಾಲಂ ಹಾಕಿ ಮತ್ತೆ ತುಂಬಿದೆ. ಪ್ಯೂರಿಟನ್ನರು ಬದುಕಿದ್ದ ಕಾಲದಲ್ಲೇ, ಅವರನ್ನು ಕಣ್ಣಾರೆ ಕಂಡವರು ಬರೆದ ಚಿತ್ರಗಳು ಆರೇ ಆರು. ಆ ಆರರಲ್ಲಿ ಬಕಲ್ ಸೊನ್ನೆ. ಉಳಿದ ಐವತ್ತೊಂದನ್ನೂ ಬರೆದದ್ದು ನೂರೈವತ್ತು, ಇನ್ನೂರು, ಮುನ್ನೂರು ವರ್ಷಗಳ ನಂತರ. ಅವನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಕದ್ದದ್ದು ಕಾಣುತ್ತದೆ. ಅದೇ ಎತ್ತಿದ ಬಲಗೈ, ಮೊಣಕೈ ಬಳಿ ಬಟ್ಟೆಯ ಅದೇ ಮೂರು ಮಡಿಕೆ, ಅದೇ ಕಡೆಯಿಂದ ಬೆಳಕು. ಕೈಯ ಭಂಗಿ ಹಿಡಿದು ವಿಂಗಡಿಸಿದಾಗ ನಲವತ್ತೊಂಬತ್ತೂ ಐದು ಗುಂಪಾದವು. ಯಾರೋ ಒಬ್ಬ ಚಿತ್ರಕಾರ, ತನ್ನ ಕಾಲದ ಜನಕ್ಕೆ 'ಹಳೆಯ ಕಾಲ' ಎಂದು ಹೊಳೆಯಲೆಂದು, ಟೋಪಿಗೊಂದು ಬಕಲ್ ಅಂಟಿಸಿದ. ಹಿಂದಿನಿಂದ ಬಂದವರು ಅವನ ಚಿತ್ರ ನೋಡಿ ಬರೆದರು. ಅವರ ಹಿಂದೆ ಬಂದವರು ಅವರದನ್ನು ನೋಡಿ. ಸಾಲಿನ ಕೊನೆಯಲ್ಲಿ ನಾನು.

ಕಪ್ಪಿನ ಕಥೆಯೂ ಅದೇ. ಆ ಆರರಲ್ಲಿ ನಾಲ್ಕು ಚಿತ್ರಗಳಲ್ಲಿ ಕಪ್ಪು ಬಟ್ಟೆ ಇದೆ, ಸುಳ್ಳು ಹೇಳಬಾರದು. ಆದರೆ ಅವು ಶ್ರೀಮಂತರು ಕೂತು ಬರೆಸಿಕೊಂಡ ಭಾವಚಿತ್ರಗಳು. ಆಗ ಗಾಢವಾದ ಕಪ್ಪು ಬಣ್ಣ ಬಲು ದುಬಾರಿ. ಬಟ್ಟೆಯನ್ನು ಒಂದು ಬಣ್ಣದಲ್ಲಿ ಅದ್ದಿ ಅದರ ಮೇಲೆ ಇನ್ನೊಂದರಲ್ಲಿ ಅದ್ದಬೇಕು. ಅಗ್ಗಕ್ಕೆ ಮಾಡಿದ ಕಪ್ಪು ಕೆಲವೇ ದಿನಗಳಲ್ಲಿ ಕಂದಿ ತುಕ್ಕಿನಂತಾಗುತ್ತದೆ. ಉಳ್ಳವರು ಅದನ್ನು ತೋರಿಸಿಕೊಳ್ಳಲೆಂದೇ ಉಡುತ್ತಿದ್ದರು. ದಿನನಿತ್ಯ ಉಡುತ್ತಿದ್ದದ್ದು ಬೇರೆ. ಆ ಕಾಲದಲ್ಲಿ ಯಾರಾದರೂ ತೀರಿಕೊಂಡರೆ ಮನೆಯ ಸಾಮಾನಿನ ಪಟ್ಟಿ ಬರೆಯುತ್ತಿದ್ದರು. ಅಧ್ಯಾಪಕಿ ಅಂಥ ಪಟ್ಟಿಗಳ ನಕಲು ಕಳಿಸಿಕೊಟ್ಟರು. ಹಸಿರು ಗೌನು, ಇಟ್ಟಿಗೆ ಬಣ್ಣದ ಲಂಗ, ನೀಲಿ ಏಪ್ರನ್, ಜೇನುಕಂದು ಕೋಟು. ಪಟ್ಟಿ ಮಾಡುವವರ ಮೇಲೆ ನನಗೆ ತಕ್ಷಣ ನಂಬಿಕೆ ಬರುತ್ತದೆ.

ಎರಡನೇ ಕರಡನ್ನು ಹಾಗೆಯೇ ಮಾಡಿದೆ. ಗಂಡನಿಗೆ ಜೇನುಕಂದು, ಹೆಂಡತಿಗೆ ಹಸಿರು ಗೌನು, ತಮ್ಮನಿಗೆ ಇಟ್ಟಿಗೆಗೆಂಪು, ಮುದುಕನಿಗೆ ಮಾಸಿದ ನೀಲಿ. ಟೋಪಿಗಳಿಗೆ ಬರಿಯ ಹುರಿಯ ಪಟ್ಟಿ, ಪಾದರಕ್ಷೆಗೆ ಕಟ್ಟುವ ದಾರ. ಪ್ರತಿಯೊಬ್ಬರ ಬಟ್ಟೆಯನ್ನೂ ಕಂಪ್ಯೂಟರಿನ ಫೈಲಿನಲ್ಲಿ ಬೇರೆ ಬೇರೆ ಪದರದಲ್ಲಿ ಇಟ್ಟೆ, ತಿದ್ದುವುದು ಸುಲಭವಾಗಲೆಂದು. ತಿರಸ್ಕೃತವಾದ ಮೊದಲ ಕರಡನ್ನು 'ಹಳೆಯದು' ಎಂಬ ಫೋಲ್ಡರಿಗೆ ಹಾಕಿದೆ. ನಾನು ಏನನ್ನೂ ಅಳಿಸುವುದಿಲ್ಲ. ಫೆಬ್ರವರಿ 28ರಂದು ಅಧ್ಯಾಪಕಿ ಒಪ್ಪಿಗೆ ಹಾಳೆಗೆ ಸಹಿ ಹಾಕಿದರು.

ಈ ಹಾಳೆಯ ಬಗ್ಗೆ ಹೇಳಬೇಕು. ಹಿಂದೆ ಯಾವುದೋ ಕೆಲಸದಲ್ಲಿ ತಪ್ಪು ಅಚ್ಚಾಗಿ ತಲೆತಗ್ಗಿಸುವಂತಾದ ಮೇಲೆ ಮಾಲೀಕರೇ ಮಾಡಿದ್ದ ಪದ್ಧತಿ ಅದು, ಅವರಿಗೆ ಅದರ ಮೇಲೆ ಹೆಮ್ಮೆ. ಪ್ರತಿ ಫಲಕಕ್ಕೂ ಒಂದು ಹಾಳೆ, ಹಾಳೆಯಲ್ಲಿ ಮೂರು ಚೌಕ. ಪರಿಶೀಲಿಸಿದವರು, ಚಿತ್ರ ಬರೆದವರು, ಕೆಲಸ ಕೇಳಿದವರು. ಮೂರೂ ತುಂಬದೆ ಮುದ್ರಣಾಲಯದವರು ಮುಟ್ಟುವುದಿಲ್ಲ.

ಮಾರ್ಚ್ 11, ಮಂಗಳವಾರ. ಸಮಿತಿಗೆ ಚಿತ್ರ ತೋರಿಸಲು ಮಾಲೀಕರೂ ನಾನೂ ಅವರ ಕಾರಿನಲ್ಲಿ ಆ ಊರಿಗೆ ಹೋದೆವು. ಅಧ್ಯಾಪಕಿ ಬರುವಂತಿರಲಿಲ್ಲ, ಹಿಂದಿನ ದಿನವಷ್ಟೇ ವಾಟರ್‌ಫರ್ಡ್‌ನ ದೊಡ್ಡ ಆಸ್ಪತ್ರೆಯಲ್ಲಿ ಸೊಂಟದ ಆಪರೇಷನ್ ಆಗಿತ್ತು. ಆರು ಫಲಕ ಸಲೀಸಾಗಿ ಮುಗಿದವು. ಏಳನೆಯದು ಪರದೆಯ ಮೇಲೆ ಬಂದಾಗ ಸಮಿತಿಯ ಅಧ್ಯಕ್ಷರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಹಾಲಿನ ಡೈರಿಯಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದವರು, ದಪ್ಪ ಮೈಕಟ್ಟು, ನಿಧಾನ ಮಾತು.

"ಇವರು ನಮ್ಮೋರನ್ನ ಮನೆಯಿಂದ ಹೊರಗೆ ಹಾಕಿದೋರು," ಎಂದರು. "ನೀನು ಇವರನ್ನ ಮದುವೆಗೆ ಹೊರಟೋರ ಥರ ಮಾಡಿಟ್ಟಿದೀಯ."

ಕಪ್ಪು ಬೇಕು ಎಂದರು. ಬಕಲ್ ಬೇಕು ಎಂದರು. ಬಾಗಿಲಲ್ಲಿ ಕಾಲಿಟ್ಟವನಿಗೆ ಇವರು ಯಾರು ಅಂತ ದೂರದಿಂದಲೇ ಗೊತ್ತಾಗಬೇಕು ಎಂದರು. ನನ್ನ ಮೊಬೈಲಿನಲ್ಲಿ ಹದಿನೈದು ಕಾಲಂ ಪಟ್ಟಿ ಇತ್ತು. ಬಾಯಿ ತೆರೆಯುವ ಮೊದಲೇ ಮಾಲೀಕರು ನಕ್ಕು, 'ಆಯ್ತು ಬಿಡಿ' ಎನ್ನಲು ಇಲ್ಲಿನವರು ಬಳಸುವ 'ಗ್ರ್ಯಾಂಡ್' ಹೇಳಿ, ಅದೇನು ದೊಡ್ಡ ವಿಷಯವಲ್ಲ, ಎರಡು ದಿನದಲ್ಲಿ ಮಾಡಿಕೊಡುತ್ತೇವೆ ಎಂದುಬಿಟ್ಟರು. ಇಪ್ಪತ್ತಾರು ದಿನದ ಕೆಲಸ, ಒಂದು 'ಗ್ರ್ಯಾಂಡ್'ಗೆ ಹೋಯಿತು. ನಾನು ಮೊಬೈಲನ್ನು ಚೀಲಕ್ಕೆ ಹಾಕಿಕೊಂಡೆ. ಹಾಗೆ ಮಾಡಿದ್ದಕ್ಕೆ ನನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ವಾಪಸು ಬರುವಾಗ ಮೊದಲ ಇಪ್ಪತ್ತು ನಿಮಿಷ ಕಿಟಕಿಯ ಕಡೆಗೇ ತಿರುಗಿದ್ದೆ.

ಆಮೇಲೆ ಕೇಳಿದೆ. ಅದು ತಪ್ಪು ಅಂತ ನಿಮಗೂ ಗೊತ್ತಲ್ಲ?

"ಗೊತ್ತು. ಆದ್ರೆ ಗೋಡೆ ಅವರದು," ಎಂದರು ಮಾಲೀಕರು. ಮುಂದಿನ ತಿರುವಿನಲ್ಲಿ ಗೇರ್ ಬದಲಿಸುತ್ತಾ, "ನಿನ್ನ ಪರ್ಮಿಟ್‌ನ ಪತ್ರ ಮರೆತಿಲ್ಲ ನಾನು. ಇದೊಂದು ಮುಗೀಲಿ, ಕೂತು ಬರೆದುಕೊಡ್ತೀನಿ."

ಅವರು ಕೆಟ್ಟವರಲ್ಲ. ಇದೇ ದೇಶದ ಡನ್‌ಡಾಕ್ ಊರಿನಲ್ಲಿ ನನ್ನ ಮಾಸ್ಟರ್ಸ್ ಮುಗಿದಾಗ ಮೂವತ್ತೆಂಟು ಕಡೆ ಅರ್ಜಿ ಹಾಕಿದ್ದೆ, ಕೆಲಸ ಕೊಟ್ಟವರು ಇವರೊಬ್ಬರೇ. ಓದು ಮುಗಿಸಿದವರಿಗೆ ಇಲ್ಲಿ ಉಳಿದು ದುಡಿಯಲು ಕೊಡುವ ಅನುಮತಿ ಜೂನ್ 3ಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ವರ್ಕ್ ಪರ್ಮಿಟ್‌ಗೆ ಅರ್ಜಿ ಹೋಗಬೇಕು, ಅರ್ಜಿಗೆ ಅವರ ಪತ್ರ ಬೇಕು. ಅವರು ಹೇಳಿದ್ದನ್ನು ಬೆದರಿಕೆ ಎಂದು ಬರೆದುಕೊಳ್ಳಲಾಗಲಿಲ್ಲ. 'ಎಂಬತ್ತನಾಲ್ಕು ದಿನ' ಎಂದಷ್ಟೇ ಬರೆದೆ.

ಮಾರ್ಚ್ 13ರ ಬೆಳಿಗ್ಗೆ ಫೈಲ್ ತೆರೆದೆ. ಹಿಂದಿನ ಸಂಜೆ ನಾನು ಮನೆಗೆ ಹೋದ ಮೇಲೆ ಯಾರೋ ಅದನ್ನು ಬದಲಾಯಿಸಿದ್ದರು. ಮಾಲೀಕರನ್ನು ಬಿಟ್ಟರೆ ಸ್ಟುಡಿಯೋದಲ್ಲಿ ಬೇರೆ ಯಾರಿಗೂ ಆ ಫೈಲು ಬೇಕಿರಲಿಲ್ಲ. ಬಟ್ಟೆಯ ನಾಲ್ಕು ಪದರಗಳಿಗೂ ಕಪ್ಪು ಸುರಿದಿದ್ದರು. ಹಸಿರು ಗೌನಿನ ಮಡಿಕೆಗಳು, ಮೊಣಕಾಲ ಮೇಲೆ ಬೆಳಕು ಬಿದ್ದ ಕಡೆ ನಾನು ಒಂದೂವರೆ ದಿನ ಕೂತು ಎಳೆದಿದ್ದ ಗೆರೆಗಳು, ಎಲ್ಲ ಆ ಕಪ್ಪಿನೊಳಗೆ ಮುಳುಗಿಹೋಗಿದ್ದವು. ನಾಲ್ಕು ಟೋಪಿಗಳ ಮೇಲೆ ನಾಲ್ಕು ಬಕಲ್. ಅವು ಎಲ್ಲಿಂದ ಬಂದವೆಂದು ಹುಡುಕಬೇಕಿರಲಿಲ್ಲ. ನನ್ನ 'ಹಳೆಯದು' ಫೋಲ್ಡರಿನವು. ಎಡಗಡೆಯ ಮೂಲೆಯಲ್ಲಿ ಹೊಳಪಿಗೆ ನಾನಿಟ್ಟ ಬಿಳಿಯ ಚುಕ್ಕೆ ಸಮೇತ.

ಅದಷ್ಟೇ ಅಲ್ಲ. ಫೈಲಿನ ಜೊತೆ ಒಪ್ಪಿಗೆ ಹಾಳೆಯೂ ಇತ್ತು. ಮೇಲೆ ಕಪ್ಪು ಬಟ್ಟೆಯ ಚಿತ್ರ. ಕೆಳಗೆ ಮೊದಲ ಚೌಕದಲ್ಲಿ ಅಧ್ಯಾಪಕಿಯ ಸಹಿ, ಫೆಬ್ರವರಿ 28. ಬಣ್ಣದ ಚಿತ್ರಕ್ಕೆ ಹಾಕಿದ್ದ ಸಹಿಯನ್ನು ಎತ್ತಿ ಇದಕ್ಕೆ ಅಂಟಿಸಿದ್ದರು. ಮೂರನೇ ಚೌಕವನ್ನು ಅಧ್ಯಕ್ಷರು ತುಂಬಿ ಕಳಿಸಿಯಾಗಿತ್ತು. ಖಾಲಿ ಇದ್ದದ್ದು ನನ್ನದು.

ಹಾಳೆ ಮುದ್ರಿಸಿಕೊಂಡು ಮಾಲೀಕರ ಮೇಜಿನ ಮೇಲೆ ಇಟ್ಟೆ. ಇದಕ್ಕೆ ಅಧ್ಯಾಪಕಿ ಸಹಿ ಮಾಡಿಲ್ಲ ಎಂದೆ. ಅದೇ ಫಲಕ ತಾನೇ ಎಂದರು. ಅವರನ್ನು ಕೇಳಿದಿರಾ ಎಂದೆ.

"ಹಾಸಿಗೆ ಮೇಲೆ ಮಲಗಿರೋ ಹೆಂಗಸಿಗೆ ಟೋಪಿ ಬಗ್ಗೆ ಫೋನ್ ಮಾಡ್ಲಾ?" ಎಂದು ಪೆನ್ನನ್ನು ನನ್ನ ಕಡೆ ತಳ್ಳಿದರು. "ಸಹಿ ಹಾಕು. ಮುಂದಿನ ಗುರುವಾರ ಇದು ಹೋಗಲೇಬೇಕು."

ಪೆನ್ನು ಮುಟ್ಟದೆ ನನ್ನ ಜಾಗಕ್ಕೆ ಬಂದೆ. ಅವತ್ತು ಉಳಿದ ಕೆಲಸವೆಲ್ಲ ಮಾಡಿದೆ, ಒಂಬತ್ತನೇ ಫಲಕದ ನಕ್ಷೆ ಮುಗಿಸಿದೆ.

ನನ್ನ ಜೊತೆ ಮನೆ ಹಂಚಿಕೊಂಡಿರುವವಳು ಬೆಂಗಳೂರಿನ ಸಾಫ್ಟ್‌ವೇರ್ ಟೆಸ್ಟರ್. ಐದು ವರ್ಷದಿಂದ ಇಲ್ಲಿದ್ದಾಳೆ, ಪರ್ಮಿಟ್ಟಿನ ಎಲ್ಲ ನಿಯಮ ಬಾಯಿಪಾಠ. ಸಂಜೆ ಅವಳು ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಾ ಪೂರ್ತಿ ಕೇಳಿಸಿಕೊಂಡಳು.

"ಸಹಿ ಹಾಕ್ಬಿಡೇ," ಎಂದಳು. "ಆ ಜನ ಸತ್ತು ಮುನ್ನೂರೈವತ್ತು ವರ್ಷ ಆಗೈತೆ. ಅವರ ಟೋಪಿಗೆ ನಿನ್ನ ವೀಸಾ ಬಲಿ ಕೊಡ್ತೀಯಾ?"

"ಟೋಪಿಗಲ್ಲ ಕಣೇ. ಆಸ್ಪತ್ರೆಲಿ ಮಲಗಿರೋರ ಸಹಿ ಕದ್ದಿದಾರೆ."

"ಲೆಟರ್ ಕೈಗೆ ಬರ್ಲಿ, ಆಮೇಲೆ ಜಗಳ ಆಡು. ನಿನ್ನ ಸಿಟ್ಟೇನು ಹಾಲಾ, ಒಂದು ವಾರ ಇಟ್ರೆ ಕೆಟ್ಟೋಗಕ್ಕೆ?"

ನಗು ಬಂತು. ಆದರೆ ಅವಳು ಹೇಳಿದ್ದು ಸರಿಯೇ ಇತ್ತು, ಅದಕ್ಕೇ ಹೆಚ್ಚು ಉರಿಯಿತು. ಡೈರಿಯಲ್ಲಿ ಎರಡು ಪಟ್ಟಿ ಮಾಡಿದೆ. ಸಹಿ ಹಾಕುವುದಕ್ಕೆ ಕಾರಣ ಏಳು, ಹಾಕದಿರುವುದಕ್ಕೆ ಎರಡು. ಆಗ ಬಕಲ್ಲಿನ ಲೆಕ್ಕ ನೆನಪಾಯಿತು. ನಲವತ್ತೊಂಬತ್ತು ಒಂದು ಕಡೆ ಇದ್ದರೆ ಅದು ಸರಿ ಎಂದು ನಂಬಿದವಳು ನಾನೇ ತಾನೇ? ಎರಡು ಪಟ್ಟಿಗೂ ಗೆರೆ ಹೊಡೆದು ಶುಕ್ರವಾರ ಬೆಳಿಗ್ಗೆ ಅಧ್ಯಕ್ಷರಿಗೆ ಫೋನ್ ಮಾಡಿದೆ. ಮಾಲೀಕರಿಗೆ ಹೇಳಲಿಲ್ಲ. ಅದು ತಪ್ಪು ಎಂದು ಗೊತ್ತಿತ್ತು.

ಮಾರ್ಚ್ 15, ಶನಿವಾರ. ಎರಡೂ ಚಿತ್ರಗಳನ್ನು ಮುದ್ರಿಸಿ ಸುರುಳಿ ಸುತ್ತಿಕೊಂಡು ಬಸ್ಸು ಹತ್ತಿದೆ. ಅಧ್ಯಕ್ಷರು ಸ್ಟಾಪಿಗೆ ಬಂದು ಮನೆಗೆ ಕರೆದೊಯ್ದರು. ಅಡುಗೆಮನೆಯ ಮೇಜಿನ ಮೇಲೆ ಟೀ, ಬೆಣ್ಣೆ ಸವರಿದ ಬ್ರೆಡ್ಡು. ಮೊದಲು ಕದ್ದ ಸಹಿಯ ವಿಷಯ ಹೇಳಿದೆ. ಅವರು ಆ ಹಾಳೆಯನ್ನು ಎರಡು ಸಲ ನೋಡಿದರು. ಆಮೇಲೆ ನನ್ನ ಪಟ್ಟಿ ತೆಗೆದು ಬಕಲ್ಲಿನ ವಂಶಾವಳಿ ವಿವರಿಸಿದೆ. ಅರ್ಧದಲ್ಲೇ ಕೈ ಎತ್ತಿದರು.

"ನೀನು ಹೇಳೋದು ನಿಜ ಇರಬಹುದಮ್ಮ. ನಮ್ಮಜ್ಜಿ ನಾವು ಹಠ ಮಾಡಿದ್ರೆ ಕರಿ ಟೋಪಿಯೋರು ಬರ್ತಾರೆ ಅಂತ ಹೆದರಿಸ್ತಿದ್ದಳು. ಅವಳೂ ಬಿಸ್ಕತ್ತಿನ ಡಬ್ಬ ನೋಡಿ ಹೇಳಿದ್ಳಾ?"

ಇರಬಹುದು ಎನ್ನಬೇಕೆನಿಸಿತು, ಎನ್ನಲಿಲ್ಲ. ಎರಡು ಚಿತ್ರಗಳನ್ನೂ ಬಿಡಿಸಿ ಮೇಜಿನ ಮೇಲೆ ಇಟ್ಟೆ. ಕಪ್ಪು ಚಿತ್ರದ ಹೆಂಗಸನ್ನು ತೋರಿಸಿ ಇವಳನ್ನು ನೋಡಿದರೆ ಏನನ್ನಿಸುತ್ತದೆ ಎಂದು ಕೇಳಿದೆ. "ಅವರೇ," ಎಂದರು. ಹಸಿರು ಗೌನಿನವಳನ್ನು ತೋರಿಸಿದೆ. ಬಹಳ ಹೊತ್ತು ನೋಡಿದರು. ರಸ್ತೆಯಾಚೆ ಇರುವವಳ ಹಾಗಿದ್ದಾಳೆ ಎಂದರು, ಯಾರೇ ಆಗಿರಬಹುದು ಎಂದರು.

ಹೊರಗೆ ಹಾಕಿದವರು ಹಾಗೇ ಇದ್ದರು ಎಂದೆ. ದನಿ ಏರಿತ್ತು. ಕಪ್ಪು ಬಟ್ಟೆ ತೊಡಿಸಿದರೆ ಅವರು ದೆವ್ವಗಳಾಗುತ್ತಾರೆ, ದೆವ್ವ ಮಾಡಿದ್ದಕ್ಕೆ ಯಾರೂ ಉತ್ತರ ಹೇಳಬೇಕಿಲ್ಲ. ಇವರು ಒಳ್ಳೆಯ ಬಟ್ಟೆ ಉಟ್ಟು, ದೇವರಿಗೆ ಕೈಮುಗಿದು, ಬೇರೆಯವರ ಮೇಜಿನ ಮೇಲೆ ಊಟ ಮಾಡಿದ ಸಾಮಾನ್ಯ ಜನ.

"ಹಾಗಾದ್ರೆ ಅದು ಇನ್ನೂ ಕೆಟ್ಟದು," ಎಂದರು ಅಧ್ಯಕ್ಷರು.

"ಹೌದು."

ಅವರು ಕಪ್ಪು ಚಿತ್ರವನ್ನು ಸುತ್ತಿ ಪಕ್ಕಕ್ಕಿಟ್ಟರು. ಗೆದ್ದೆ ಎಂದುಕೊಂಡೆ. ಅವರು ಬಣ್ಣದ ಚಿತ್ರದ ಮೇಲೆ ದಪ್ಪ ಬೆರಳಿಟ್ಟು ಮೇಜು, ಒಲೆ, ಗೋಡೆ, ಗೂಟ ಎಂದು ಒಂದೊಂದನ್ನೇ ಮುಟ್ಟುತ್ತಾ ಬಂದರು.

"ಇದು ಯಾರ ಮನೆ?"

ಹೊರಗೆ ಹಾಕಿಸಿಕೊಂಡವರದು, ಎಂದೆ.

"ಅವರೆಲ್ಲಿ?"

ನಾನು ಚಿತ್ರದ ನಾಲ್ಕೂ ಮೂಲೆ ನೋಡಿದೆ.

"ನೀನು ಟೋಪಿ ಬಗ್ಗೆ ಒಂದು ಗಂಟೆ ಮಾತಾಡಿದೆ," ಎಂದರು, ಸಿಟ್ಟಿಲ್ಲದೆ. "ಒಳ್ಳೇದು. ಬಣ್ಣ ಇರಲಿ. ಆದ್ರೆ ನಮ್ಮೋರು ಆ ಬಾಗಿಲಲ್ಲಿ ನಿಂತಿರಬೇಕು. ಇಲ್ಲಾಂದ್ರೆ ನಾನು ಸಹಿ ಹಾಕಲ್ಲ."

ವಾಪಸು ಬರುವ ಬಸ್ಸಿನಲ್ಲಿ ಐವತ್ತೇಳು ಚಿತ್ರಗಳನ್ನೂ ಒಂದೊಂದಾಗಿ ಮತ್ತೆ ನೋಡಿದೆ. ಪ್ಯೂರಿಟನ್ನರು ಪ್ರಾರ್ಥನೆ ಮಾಡುತ್ತಿದ್ದರು, ಹಿಮದಲ್ಲಿ ನಡೆಯುತ್ತಿದ್ದರು, ಹಡಗಿನಿಂದ ಇಳಿಯುತ್ತಿದ್ದರು, ಗಂಭೀರವಾಗಿ ದೂರ ನೋಡುತ್ತಿದ್ದರು. ಅವರು ಕಾಲಿಟ್ಟ ನೆಲದಲ್ಲಿ ಮೊದಲು ಇದ್ದವರು ಮೂರು ಚಿತ್ರಗಳಲ್ಲಿದ್ದರು, ಮೂರರಲ್ಲೂ ದೂರದಲ್ಲಿ, ಮುಖವಿಲ್ಲದೆ. ಆ ಮೂರೂ ಪ್ಯೂರಿಟನ್ನರು ಅಮೆರಿಕಕ್ಕೆ ಹೋಗಿ ನೆಲೆಸಿದ ಕಥೆಯವು. ಐರ್ಲೆಂಡಿನವರು ಒಂದರಲ್ಲೂ ಇರಲಿಲ್ಲ. ಚಿತ್ರಕಾರರ ಮೇಲೆ ಬಂದ ಸಿಟ್ಟು ಬಸ್ಸು ದಾರಿಯ ಯೂಹಾಲ್ ಊರು ದಾಟುವ ಹೊತ್ತಿಗೆ ನನ್ನ ಮೇಲೇ ತಿರುಗಿತು. ಬಟ್ಟೆಗೆ ನಾನು ಐದು ಕಾಲಂ ಇಟ್ಟಿದ್ದೆ. ಮನುಷ್ಯರಿಗೆ ಒಂದೂ ಇಟ್ಟಿರಲಿಲ್ಲ.

ಭಾನುವಾರ ಅಧ್ಯಾಪಕಿಗೆ ಆಸ್ಪತ್ರೆಗೆ ಫೋನ್ ಮಾಡಿದೆ. ಸಹಿಯ ವಿಷಯ ಕೇಳಿ ಅವರು, ಆ ಹಾಳೆ ನನಗೆ ಕಳಿಸು ಎಂದಷ್ಟೇ ಹೇಳಿದರು. ಆಮೇಲೆ ಅರ್ಧ ಗಂಟೆ ಬಟ್ಟೆಯ ಮಾತು. ಬಾಗಿಲಲ್ಲಿ ನಿಲ್ಲುವವರಿಗೆ ಹರಕಲು ತೊಡಿಸಬೇಡ, ಅದು ಇನ್ನೊಂದು ಬಕಲ್ ಎಂದರು. ಈ ಕಡೆ ಜಮೀನಿದ್ದ ಕ್ಯಾಥೊಲಿಕರು ಬಟ್ಟೆ ಕೊಂಡದ್ದೂ ಅದೇ ಸಂತೆಗಳಲ್ಲಿ, ಹೊಲಿಸಿದ್ದೂ ಹೆಚ್ಚುಕಡಿಮೆ ಅದೇ ರೀತಿ. ಬೇಕಾದರೆ ಮುದುಕಿಯೊಬ್ಬಳಿಗೆ ಐರಿಷ್ ಉಣ್ಣೆಯ ದೊಡ್ಡ ಹೊದಿಕೆ ಕೊಡು, ಸಾಕು.

ಸೋಮವಾರ ಸೇಂಟ್ ಪ್ಯಾಟ್ರಿಕ್ಸ್ ಡೇ, ರಜೆ. ಹೊರಗೆ ಮೆರವಣಿಗೆಯ ಬ್ಯಾಂಡು. ನಾನು ಮನೆಯಲ್ಲಿ ಟ್ಯಾಬ್ಲೆಟ್ ಮುಂದೆ ಹದಿಮೂರು ಗಂಟೆ ಕೂತೆ. ಮೇಜನ್ನು ಎಡಕ್ಕೆ ನೂರೆಂಬತ್ತು ಮಿಲಿಮೀಟರ್ ಸರಿಸಿದೆ. ಗೂಟವಿದ್ದ ಗೋಡೆ ಒಡೆದು ಬಾಗಿಲು ತೆರೆದೆ, ಟೋಪಿಗಳನ್ನು ಗೂಟದ ಸಮೇತ ಬಾಗಿಲ ಪಕ್ಕಕ್ಕೆ ಸರಿಸಿದೆ. ಬಾಗಿಲಲ್ಲಿ ನಾಲ್ವರು. ಗಂಡನ ತಲೆಯ ಮೇಲೆ ಅಂಥದೇ ಟೋಪಿ, ಹೆಗಲ ಮೇಲೆ ಗಂಟು, ಹೊದಿಕೆಯ ಮುದುಕಿ, ಹದಿಹರೆಯದ ಮಗಳ ಕೈಯಲ್ಲಿ ಕಬ್ಬಿಣದ ಮಡಕೆ, ಮತ್ತು ಹೆಂಡತಿ. ಹೆಂಡತಿಗೆ ಹಸಿರು ಗೌನು. ಬಣ್ಣ ಹೊಸದಾಗಿ ಕಲಸಲಿಲ್ಲ. ಕಂಪ್ಯೂಟರಿನಲ್ಲಿ ಊಟಕ್ಕೆ ಕೂತವಳ ಹಸಿರಿಗಿದ್ದ ಬಣ್ಣದ ಸಂಖ್ಯೆಯನ್ನೇ ಇವಳಿಗೂ ಕೊಟ್ಟೆ. ಬೆಳಕು ಮಾತ್ರ ಹಿಂದಿನಿಂದ, ಅಂಗಳದಿಂದ. ಮುದುಕಿಯ ಮುಖ ನಾಲ್ಕು ಸಲ ಕೆಟ್ಟಿತು. ಕಣ್ಣೀರು ಹಾಕಿದೆ, ಅಳಿಸಿದೆ. ಕೋಪ ಹಾಕಿದೆ, ಅತಿಯಾಯಿತು. ಕೊನೆಗೆ ಅವಳನ್ನು ಮೇಜಿನ ಮೇಲಿನ ತಟ್ಟೆಗಳನ್ನು ನೋಡುವಂತೆ ಮಾಡಿದೆ, ಎಣಿಸುತ್ತಿರುವವಳ ಹಾಗೆ.

ಮಾರ್ಚ್ 18. ರಾತ್ರಿಯೇ ಇಮೇಲ್ ಮಾಡಿದ್ದ ಹಾಳೆಗಳನ್ನು ಆಸ್ಪತ್ರೆಯಲ್ಲೇ ಮುದ್ರಿಸಿಕೊಂಡು ಅಧ್ಯಾಪಕಿ ಕಳಿಸಿದ ಫೋಟೋ ಬಂತು. ಹಳೆಯ ಹಾಳೆಯಲ್ಲಿ ತಮ್ಮ ಸಹಿಯ ಮೇಲೆ ಕೆಂಪು ಪೆನ್ಸಿಲಿನಿಂದ ಅಡ್ಡ ಗೀಟು ಎಳೆದಿದ್ದರು, ಹೊಸ ಚಿತ್ರದ ಹಾಳೆಗೆ ಹೊಸ ಸಹಿ. ಅಧ್ಯಕ್ಷರದೂ ಬಂತು. ನಾನು ನನ್ನ ಚೌಕ ತುಂಬಿ ಎಲ್ಲವನ್ನೂ ಮಾಲೀಕರ ಮುಂದಿಟ್ಟೆ. ಅವರು ಮೊದಲು ಚಿತ್ರವನ್ನು ನೋಡಿದರು, ಅದನ್ನು ಅವರ ಪರವಾಗಿ ಹೇಳಲೇಬೇಕು. ಚೆನ್ನಾಗಿದೆ ಎಂದರು. ಆಮೇಲೆ ಬಾಗಿಲು ಹಾಕಿದರು.

"ನನ್ನ ಬೆನ್ನ ಹಿಂದೆ ಹೋದೆ ನೀನು."

ಹೌದು ಎಂದೆ.

"ನನ್ನನ್ನ ಕೇಳಬಹುದಿತ್ತು."

"ನೀವು ಅವರನ್ನ ಕೇಳಬಹುದಿತ್ತು," ಎಂದೆ. ಅವರು ಕೆಂಪು ಗೀಟು ನೋಡಿ ಹಾಳೆಯನ್ನು ಮಗುಚಿಟ್ಟರು. ಗುರುವಾರ ಹನ್ನೊಂದೂ ಮುದ್ರಣಕ್ಕೆ ಹೋದವು.

ಏಪ್ರಿಲ್ 9ರಂದು ನನ್ನನ್ನು ಕರೆದು, ಕೆಲಸ ಕಡಿಮೆಯಾಗಿದೆ, ಪರ್ಮಿಟ್ಟಿಗೆ ಪತ್ರ ಕೊಡುವ ಸ್ಥಿತಿಯಲ್ಲಿ ಸ್ಟುಡಿಯೋ ಇಲ್ಲ ಎಂದರು. ಅದೇ ವಾರ ಎರಡು ಹೊಸ ಕೆಲಸ ಬಂದದ್ದು ಗೋಡೆಯ ಬೋರ್ಡಿನ ಮೇಲೆ ಇತ್ತು. ನಾನು ಬೋರ್ಡಿನ ಕಡೆ ನೋಡಿದೆ, ಅವರೂ ನೋಡಿದರು. ಅವರು ನನಗೆ ಕೆಲಸ ಕೊಟ್ಟ ದಿನವನ್ನು ನೆನೆದು ಸಿಟ್ಟು ಇಳಿಸಿಕೊಳ್ಳಲು ಬಹಳ ಪ್ರಯತ್ನಪಟ್ಟಿದ್ದೇನೆ. ಇಳಿದಿಲ್ಲ. ಮನೆಯಲ್ಲಿ ನನ್ನ ಗೆಳತಿ, ನಾನು ಹೇಳಿರಲಿಲ್ವಾ ಎಂದು ಒಂದು ಸಲ ಮಾತ್ರ ಹೇಳಿ, ತನ್ನ ಲ್ಯಾಪ್‌ಟಾಪ್ ತೆಗೆದು ನನ್ನ ಸಿ.ವಿ. ತಿದ್ದಲು ಕೂತಳು.

ಮೇ 3, ಶನಿವಾರ, ಪ್ರದರ್ಶನದ ಉದ್ಘಾಟನೆ. ನನ್ನ ಅನುಮತಿಗೆ ಮೂವತ್ತೊಂದು ದಿನ ಉಳಿದಿತ್ತು, ಹನ್ನೊಂದು ಅರ್ಜಿ ಹಾಕಿದ್ದೆ, ಎರಡು ಇಂಟರ್‌ವ್ಯೂ ಆಗಿದ್ದವು. ಗೆಳತಿಯನ್ನೂ ಕರೆದುಕೊಂಡು ಹೋದೆ. ಉಗ್ರಾಣದ ದೊಡ್ಡ ಬಾಗಿಲು ದಾಟಿದರೆ ಎದುರಿಗೇ ಏಳನೇ ಫಲಕ. ಅಲ್ಯುಮಿನಿಯಂ ಹಾಳೆಯ ಮೇಲೆ ಹಸಿರು ನಾನೆಣಿಸಿದ್ದಕ್ಕಿಂತ ಒಂದಿಷ್ಟು ನೀಲಿಗೆ ವಾಲಿ ತಣ್ಣಗೆ ಬಂದಿತ್ತು. ಅಧ್ಯಕ್ಷರು ಅದರ ಪಕ್ಕದಲ್ಲೇ ನಿಂತು ಬಂದವರ ಕೈಕುಲುಕುತ್ತಿದ್ದರು.

ಗೆಳತಿ ಫಲಕದ ಮುಂದೆ ನಿಂತು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದಳು.

"ಟೋಪಿ ನೋಡಿ ಹೇಳೋಣ ಅಂದ್ರೆ ಎಲ್ಲಾರ್ದೂ ಒಂದೇ ಥರ ಐತೆ. ಬಟ್ಟೇನೂ ಹಂಗೇ. ಇದ್ರಲ್ಲಿ ಪ್ಯೂರಿಟನ್ಸ್ ಯಾರೇ?"

ನಮ್ಮ ಭಾಷೆ ಕೇಳಿ ಅಧ್ಯಕ್ಷರು ತಿರುಗಿದರು, ಏನಂತೆ ಎಂದು ನನ್ನನ್ನು ಕೇಳಿದರು. ಅವಳ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಫಲಕದ ಕಡೆ ನೋಡಲೂ ಇಲ್ಲ.

"ಕೂತಿರೋರು," ಎಂದರು.